ಕುಶಲನ ಬಾಟ್ಲಿ

ಡೊಂಬಿವಲಿ ಪೂರ್ವ
೪ ಆಗಸ್ಟ್ ೨೦೨೫, ಸೋಮವಾರ

ಮುದ್ದಿನ ಅಳಿಯ ಕುಶಲನಿಗೆ ಕಮಲಾಕ್ಷ ಮಾಮನ ಆಶೀರ್ವಾದ.

ಹೇಗಿದ್ದಿ ಮಗಾ? ಮೊಣಕಾಲು ನೋವು ಹೇಗುಂಟು? ಹಡಗಿನ ಏಣಿ ಹತ್ತಿ ಇಳಿದು ಬಂದ ನೋವು ಅದು, ಎಣ್ಣೆ ತಿಕ್ಕಿಸಿಕೊಳ್ಳಲು ನಿನಗೆ ಪುರುಸೊತ್ತು ಎಲ್ಲಿತ್ತು. ಪತ್ರ ಅಂದರೆ ‘ನಾವೆಲ್ಲ ಕುಶಲ’ ಅಂತ ಶುರು ಮಾಡುವುದು ನನ್ನ ಅಭ್ಯಾಸ. ಹಾಗೆ ಬರೆದಾಗಲೆಲ್ಲ ನೀನು, ‘ಎಲ್ಲರೂ ಕುಶಲ ಆದರೆ ನಾನು ಯಾರು ಮಾಮ?’ ಅಂತ ನೆಗಾಡುತ್ತಿದ್ದಿ. ನಿನ್ನ ಟಗ್ ಬೋಟು ಮುಳುಗಿ ಎರಡು ಮಳೆಗಾಲ ಆಯಿತು. ಉಳಿದವರ ದೇಹ ಸಿಕ್ಕಿತು, ನಿನ್ನದು ಸಿಗಲಿಲ್ಲ. ಸಿಗಲಿಲ್ಲ ಎಂಬ ಆ ಒಂದು ಮಾತು ಹಿಡಿದುಕೊಂಡೇ ನಿನ್ನ ಅಮ್ಮ, ನನ್ನ ಪುಷ್ಪಕ್ಕ, ಇಷ್ಟು ದಿನ ದೂಡಿದಳು. ನಿನ್ನ ಫೋನ್ ನಂಬರಿಗೆ ತಪ್ಪದೆ ರೀಚಾರ್ಜ್ ಮಾಡಿಸಿದಳು. ಹೋದ ವರ್ಷ ಇದೇ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವಾಗ ನಿನಗೂ ಒಂದು ಎಲೆ ಹಾಕುವ ಅಂತ ಊರಿನ ಹಿರಿಯರು ಹೇಳಿದ್ದಕ್ಕೆ, ಬಾಳೆಲೆಯ ಕಟ್ಟನ್ನೇ ಬಾಲ್ಕನಿಯಿಂದ ಕೆಳಗೆ ಬಿಸಾಡಿದ್ದಳು.

ಈಗ ವಿಷಯ. ಕೊನೆಯ ರಜೆಗೆ ಬಂದಾಗ ನೀನು ತಂದ ಸ್ಕಾಚ್ ನೆನಪುಂಟಲ್ಲ, ಮರದ ಪೆಟ್ಟಿಗೆಯದ್ದು. ಸಿಂಗಲ್ ಮಾಲ್ಟ್, ಇನ್ನೊಮ್ಮೆ ಮಾಡುವುದಿಲ್ಲ ಅಂತ ಕಂಪನಿಯವರು ಒಂದೊಂದು ಬಾಟ್ಲಿಗೂ ನಂಬರ್ ಕೊಟ್ಟದ್ದು. ‘ಮಾಮ, ಥಾಣೆಯ ಬಾರಿನ ಕೌಂಟರಿನಲ್ಲಿ ಊರಿಗೆಲ್ಲ ಸುರಿದದ್ದಾಯಿತು, ಒಂದು ಸಲ ನೀವು ಒಳ್ಳೆಯದನ್ನು ಕುಡಿಯಿರಿ. ಆದರೆ ನಾನು ಬಂದ ಮೇಲೆ, ಇಬ್ಬರೂ ಒಟ್ಟಿಗೆ’ ಅಂದಿದ್ದಿ. ಅಕ್ಕ ಅದನ್ನು ಕಪಾಟಿನಲ್ಲಿ ತನ್ನ ಸೀರೆಗಳ ನಡುವೆ ಇಟ್ಟಿದ್ದಳು. ನಿನ್ನ ತಮ್ಮ ಸಮಿತ್ ಅದರ ಫೋಟೋ ಯಾರಿಗೋ ಕಳಿಸಿದ್ದಕ್ಕೆ, ಹೋದ ವಾರ ವಾಶಿಯಿಂದ ಒಬ್ಬರು ಬಂದರು. ಇಂಥ ಬಾಟ್ಲಿಗಳನ್ನು ಕೂಡಿಸಿಡುವವರಂತೆ. ಕೈಗೆ ಬಿಳಿ ಗವಸು ಹಾಕಿ, ಟಾರ್ಚ್ ಹಿಡಿದು, ಬಾಟ್ಲಿಯ ಕುತ್ತಿಗೆಯಲ್ಲಿ ಮಾಲು ಎಷ್ಟು ಎತ್ತರಕ್ಕೆ ನಿಂತಿದೆ, ಸೀಲು ಬಿರಿದಿದೆಯಾ, ಲೇಬಲ್ಲಿಗೆ ಮಳೆಗಾಲದ ತೇವ ತಾಗಿದೆಯಾ ಅಂತ ನೋಡಿದರು, ಹೆಣ್ಣು ನೋಡಲು ಬಂದವರ ಹಾಗೆ. ರುಚಿ ಹೇಗಿರಬಹುದು ಅಂತ ನಾನು ಕೇಳಿದೆ. ‘ಅಂಕಲ್, ಇದನ್ನು ಯಾರು ಕುಡಿಯುತ್ತಾರೆ? ಖೋಲಾ ತೋ ಖತಂ’ ಅಂದರು. ತೆರೆಯದೆ ಇಟ್ಟಷ್ಟು ದಿನ ಬೆಲೆ, ತೆರೆದರೆ ಏನೂ ಇಲ್ಲ. ಅವರು ಹೇಳಿದ ಮೊತ್ತಕ್ಕೆ ಸಮಿತ್‌ನ ಮುಖ ಅರಳಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ ಬಂದವಳೇ ಬಾಟ್ಲಿ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು, ‘ಇದು ಅವನದ್ದು. ಭಾನುವಾರ ಅವನ ಎಲೆಗೆ ಇಡುವ’ ಅಂದಳು. ಅವನ ಎಲೆ. ಅಷ್ಟು ಸಲೀಸಾಗಿ ಅಂದಳು ಮಗಾ.

ನಿನ್ನೆ ಬಡಿಸಿದೆವು. ಕೋಳಿ ಸಾರು, ರೊಟ್ಟಿ, ನಿನ್ನ ಇಷ್ಟದ ಒಣ ಸಿಗಡಿ ಚಟ್ನಿ. ಸೀಲು ನಾನೇ ಒಡೆದೆ. ಅಭ್ಯಾಸ ಬಿಡುತ್ತದಾ, ಪೆಗ್ ಅಳೆಯುವ ಲೋಟ ಹುಡುಕಿದೆ. ‘ಅವನಿಗೂ ಅಳೆಯುತ್ತೀಯಾ?’ ಅಂದಳು ಅಕ್ಕ. ಹಾಗೇ ಸುರಿದೆ. ಎಲೆ ಇಟ್ಟ ಕೋಣೆಯ ಬಾಗಿಲು ಎಳೆದು ಹೊರಗೆ ನಿಂತೆವು. ಕ್ರಮದಂತೆ ಹೆಸರು ಹಿಡಿದು ಊಟಕ್ಕೆ ಕರೆಯಬೇಕಲ್ಲ. ‘ಕುಶಲಾ?’ ಅಂತ ಮಾತ್ರ ಬಂತು, ಯಾರನ್ನೋ ವಿಚಾರಿಸಿದ ಹಾಗೆ. ಧೂಪದ ಹೊಗೆ ಹೋಗಲಿ ಅಂತ ಮುಂಬಾಗಿಲು ತೆರೆದಿಟ್ಟಿದ್ದೆವು. ಎದುರು ಮನೆಯ ಭೀಮಮ್ಮ, ವಿಜಯಪುರದವಳು, ಅಲ್ಲಿಂದಲೇ, ‘ಹೂಂರಿ ಅಣ್ಣಾರ, ನಾವೆಲ್ಲಾ ಆರಾಮ ಅದೀವ್ರಿ, ನೀವು?’ ಅಂದಳು. ನನಗೆ ನಗು ತಡೆಯಲಿಲ್ಲ. ಅಕ್ಕನೂ ಸೆರಗು ಬಾಯಿಗೆ ಒತ್ತಿ ನಕ್ಕಳು. ನಗುತ್ತಾ ನಗುತ್ತಾ ನೆಲಕ್ಕೆ ಕುಸಿದು ಕೂತಳು.

ಬಾಗಿಲು ತೆರೆದ ಮೇಲೆ ಎಲೆಯದ್ದನ್ನು ಮನೆಯವರು ಹಂಚಿಕೊಂಡೆವು. ರುಚಿ ಹೇಳುತ್ತೇನೆ, ಕೇಳದೆ ಬಿಡುವವನಲ್ಲ ನೀನು. ಮೂಗಿಗೆ ಮೊದಲು ಟಿಂಚರ್, ಆಮೇಲೆ ಅಟ್ಟದಲ್ಲಿ ಹೊಗೆಗೆ ಒಣಗಿದ ಕೊಪ್ಪರದ ವಾಸನೆ. ಸಮಿತ್ ‘ಅಸ್ಪತಾಲ್ ಜೈಸಾ ಹೈ’ ಅಂತ ಗ್ಲಾಸು ಕೆಳಗಿಟ್ಟ. ನಾಲ್ಕು ಹನಿ ನೀರು ಬಿಟ್ಟೆ. ಆಗ ತಾಳೆಮರದ ಓಲೆಬೆಲ್ಲದಂಥ ಸಿಹಿ ಮೆಲ್ಲ ಎದ್ದು ಬಂತು. ನುಂಗಿದ ಮೇಲೆ ನಾಲಿಗೆಯಲ್ಲಿ ಉಳಿಯುವುದು ಮಾತ್ರ ಉಪ್ಪು. ಸಮುದ್ರದ ಬದಿಯಲ್ಲೇ ಪೀಪಾಯಿ ಇಟ್ಟು ಹಳತು ಮಾಡುವುದಂತೆ, ಪೆಟ್ಟಿಗೆಯ ಮೇಲೆ ಬರೆದಿದೆ. ಈವರೆಗೆ ಇಂಥದ್ದನ್ನು ಮುಟ್ಟದ ಅಕ್ಕ ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ‘ಉಪ್ಪು ಉಂಟಲ್ಲ’ ಅಂದಳು. ಉಂಟು ಅಂದೆ. ಎದ್ದು ಹೋಗಿ ಪಾತ್ರೆ ತೊಳೆಯಲು ನಿಂತಳು. ಒಳ್ಳೆಯ ಮಾಲು ಮಗಾ, ಕುಡಿಯಲಿಕ್ಕೇ ಮಾಡಿದ್ದು. ಆದರೆ ಇಬ್ಬರು ಕುಡಿಯಬೇಕಿತ್ತು.

ಅಕ್ಕ, ಸಮಿತ್ ನೆನಪು ಹೇಳಿದ್ದಾರೆ ಅಂತ ಬರೆಯಬೇಕಲ್ಲ, ಬರೆದಿದ್ದೇನೆ. ಇದ್ದಲ್ಲಿ ತಣ್ಣಗಿರು.

ನಿನ್ನ
ಕಮಲಾಕ್ಷ ಮಾಮ

ತಾ.ಕ.: ನಿನ್ನ ನಂಬರಿನ ರೀಚಾರ್ಜ್ ಮುಗಿಯಿತು ಅಂತ ಬೆಳಿಗ್ಗೆ ಸಮಿತ್ ಹೇಳಿದ. ‘ಇನ್ನು ಬೇಡ’ ಅಂದಳು ಅಕ್ಕ, ತಲೆ ಎತ್ತದೆ. ನಾನು ಹಾಲು ತರುವ ನೆಪದಲ್ಲಿ ಕೆಳಗೆ ಹೋಗಿ ಅಂಗಡಿಯವನಿಗೆ ನಂಬರ್ ಹೇಳಿದೆ. ಎಷ್ಟು ತಿಂಗಳದ್ದು ಹಾಕಲಿ ಅಂತ ಕೇಳಿದ. ಎಲ್ಲಕ್ಕಿಂತ ಕಡಿಮೆ ದಿನದ್ದು ಹಾಕು ಅಂದೆ.