ಬೀಗತಿಯನ್ನು ಬೈದ ಹಾಡುಗಳನ್ನು ಮರಳಿ ಕೊಡಿ

ಮಾನ್ಯ ಕುಂದುಕೊರತೆ ನಿವಾರಣಾಧಿಕಾರಿಗಳೇ,

ತಾವು ನಮ್ಮ ನಾನಿಯ ದನಿಯನ್ನು ಅಳಿಸಿಹಾಕಿದ್ದೀರಿ. ಕ್ಷೇಮ ಸಮಾಚಾರ ಕೇಳದೆ ಮೊದಲ ಸಾಲಿನಲ್ಲೇ ಆರೋಪ ಹೊರಿಸುವುದು ಸಭ್ಯರ ಲಕ್ಷಣವಲ್ಲ ಎಂಬುದು ನನಗೂ ಗೊತ್ತು. ಆದರೆ ಕ್ಷೇಮ ಕೇಳಿ ಬರೆದ ನನ್ನ ಹಿಂದಿನ ಮನವಿಗಳಿಗೆಲ್ಲ ಉತ್ತರಿಸಿದ್ದು ತಮ್ಮ ಯಂತ್ರ, ತಾವಲ್ಲ. ಯಂತ್ರದ ಕ್ಷೇಮ ವಿಚಾರಿಸಿ ನನಗೇನಾಗಬೇಕು? ಆದ್ದರಿಂದ ಈ ಸಲ ಪತ್ರಿಕೆಯಲ್ಲಿ, ಊರ ಜನ ಚಹಾ ಕುಡಿಯುತ್ತ ಓದುವಂತೆ ಬರೆಯುತ್ತಿದ್ದೇನೆ.

ನಾನಿ ಎಂದರೆ ನನ್ನ ತಾಯಿಯ ತಾಯಿ, ಮಕ್ತುಂಬಿ. ಸುರಪುರದ ರಂಗಂಪೇಟೆಯಲ್ಲಿ ಈ ಹೆಸರು ಕೇಳದ ಮದುವೆ ಮನೆಯಿಲ್ಲ. ಡೋಲಕ್ ತೊಡೆಯ ಕೆಳಗೆ ಒತ್ತಿ ಕೂತು ಆಕೆ ಹಾಡಲು ಶುರುವಿಟ್ಟರೆ ಅಡುಗೆಯವರು ಸೌಟು ಬಿಟ್ಟು ಬರುತ್ತಿದ್ದರು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದಿದ್ದ ದನಿಯೆಲ್ಲ ತಮ್ಮ ಹತ್ತಿರ ಇತ್ತು. ಅದನ್ನೇ ತಾವು ತೆಗೆದದ್ದು.

ಅದು ತಮ್ಮ ಹತ್ತಿರ ಹೇಗೆ ಬಂತು ಎಂದು ಕೇಳುತ್ತೀರಾ? ಬರಲೇ ಇಲ್ಲ ಸ್ವಾಮಿ, ತಾವು ಹೋಗಿ ಕೊಂಡಿರಿ. ಹೆಡ್‌ಫೋನ್ ತಯಾರಿಸುತ್ತ, ಜೊತೆಗೆ ಹಾಡು ಕೇಳುವ ಆ್ಯಪ್ ನಡೆಸುತ್ತಿದ್ದ ಒಂದು ಸಣ್ಣ ಕಂಪನಿ ಇತ್ತು. ಅವರ ಆ್ಯಪಿನಲ್ಲಿ 'ಮನೆಯ ಹಾಡು' ಎಂಬ ಒಂದು ಮೂಲೆ. ಯಾರು ಬೇಕಾದರೂ ತಮ್ಮ ಮನೆಯವರ ಹಾಡನ್ನು ಅಲ್ಲಿ ಇಡಬಹುದಿತ್ತು. "ಇಲ್ಲಿ ಇಡಿ, ನಿಮ್ಮ ಫೋನ್ ಖಾಲಿ ಮಾಡಿಕೊಳ್ಳಿ" ಎಂದು ಅವರೇ ಹೇಳುತ್ತಿದ್ದರು. ನಾನಿಯ ಹೆಸರಿನಲ್ಲೇ ಖಾತೆ ತೆರೆದು ಇಟ್ಟೆವು, ಖಾಲಿ ಮಾಡಿಕೊಂಡೆವು. ಆಮೇಲೆ ತಮ್ಮ ಮಹಾ ಕಂಪನಿ ಆ ಸಣ್ಣ ಕಂಪನಿಯನ್ನು ನುಂಗಿತು. ಟಿವಿಯಲ್ಲಿ ಇಬ್ಬರು ಕೋಟು ಹಾಕಿದವರು ಕೈ ಕುಲುಕಿದ್ದನ್ನು ನಾವೂ ನೋಡಿದೆವು. ಆ ಎರಡು ಅಂಗೈಗಳ ನಡುವೆ ನಮ್ಮ ನಾನಿ ಸಿಕ್ಕಿಕೊಂಡಿದ್ದಾಳೆ ಎಂದು ಯಾರಿಗೆ ಗೊತ್ತಿತ್ತು? "ನಿಮ್ಮ ಸಂಗೀತದ ಪಯಣ ಇನ್ನಷ್ಟು ಸುಂದರವಾಗಲಿದೆ" ಎಂದು ಸಂದೇಶ ಬಂತು. ಸುಂದರವಾಯಿತು. ಪ್ರಯಾಣಿಕರನ್ನೇ ಇಳಿಸಿದ ಮೇಲೆ ಯಾವ ಬಸ್ಸಾದರೂ ಸುಂದರವಾಗಿಯೇ ಕಾಣುತ್ತದೆ.

ಈಗ ತಮ್ಮ ಕಂಪನಿಗೆ ಗೊತ್ತಿಲ್ಲದ, ಗೊತ್ತುಮಾಡಿಕೊಳ್ಳುವ ದರ್ದೂ ಇಲ್ಲದ ಒಂದು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ. ನಮ್ಮಲ್ಲಿ ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಡೋಲಕ್ ಹಿಡಿದು ಗಂಡಿನ ಕಡೆಯವರನ್ನು ಬೈದು ಹಾಡುತ್ತಾರೆ. ಹೆಸರು ಹಿಡಿದು, ಊರು ಹಿಡಿದು, ಮುಖದೆದುರಿಗೇ ಬೈಯುತ್ತಾರೆ. ವರನ ತಾಯಿಗೆ ಎಲ್ಲರಿಗಿಂತ ದೊಡ್ಡ ಪಾಲು. ಅದು ಮರ್ಯಾದೆ. ಬೈಸಿಕೊಳ್ಳದೆ ಊಟ ಮಾಡಿ ಎದ್ದ ಬೀಗತಿ ಮೂರು ಊರಿಗೆ ಸುದ್ದಿಯಾಗುತ್ತಾಳೆ: "ಅಕಿನ್ನ ಯಾರೂ ಕೇಳಲಿಲ್ಲಂತ್ರಿ, ಹಂಗ ಬಂದ್ಲಂತ, ಹಂಗ ಹೋದ್ಲಂತ!"

ನನ್ನ ಅಕ್ಕ ತಸ್ಲೀಮಾಳ ಮದುವೆಯಲ್ಲಿ ಆ ಪಾಲು ಬಂದದ್ದು ಶಹಾಪುರದ ಶರೀಫಾಬೀ ಅವರಿಗೆ, ಅಂದರೆ ಅಕ್ಕನ ಅತ್ತೆಗೆ. ಮನೆಯಲ್ಲಿ ನಾವು ದಖನಿ ಉರ್ದು ಮಾತಾಡುವವರಾದರೂ ನಾನಿ ಬೈಗುಳವನ್ನು ಕನ್ನಡದಲ್ಲಿಯೂ ಕಟ್ಟುತ್ತಿದ್ದಳು, ಓಣಿಯವರಿಗೆಲ್ಲ ತಿಳಿಯಲಿ ಎಂಬ ಸದುದ್ದೇಶದಿಂದ. ತಮ್ಮ ಯಂತ್ರ ಆಕ್ಷೇಪಿಸಿದ ಭಾಗ ಇದು:

ಬೀಗತಿ ಬಂದಾಳ ಶಹಾಪುರದಾಕಿ,
ಬಿರಿಯಾನಿ ಕಂಡರ ಬಿಡಲಾರದಾಕಿ,
ತಾಟಿಗೆ ಕುಂತರ ಏಳಲಾರದಾಕಿ,
ಹಂಡೇನ ಕೇಳ್ಯಾಳ ಶರೀಫಾ ಮನಿಗೆ ಒಯ್ಯಾಕ!

ಅಂದು ಶರೀಫಾಬೀ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಬಳೆ ಬಿಚ್ಚಿ ನಾನಿಯ ಕೈಗೆ ತೊಡಿಸಿದರು. ಊರಿಗೆ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅತೀಕ, ನಂಗ ಬೈದದ್ದು ಎಲ್ಲಾ ರೆಕಾರ್ಡ್ ಆಗ್ಯಾದ ಇಲ್ಲೋ? ನಮ್ಮ ನಾದಿನಿಗೆ ಕೇಳಸಬೇಕು. ಅಕಿ ಬೀಗರು ಅಕಿಗೆ ಬರೇ ಎರಡೇ ಸಾಲು ಬೈದಾರ" ಎಂದರು. ನಾನೇ ಅವರ ಫೋನಿಗೆ ಆ ಆ್ಯಪ್ ಹಾಕಿಕೊಟ್ಟೆ, ಕಿವಿಗೆ ಹೆಡ್‌ಫೋನ್ ಕೊಡಿಸಿದೆ. ಅಂದಿನಿಂದ ಹೊಲಿಗೆ ಮಷಿನ್ ತುಳಿಯುತ್ತ ಶರೀಫಾಬೀ ತಮ್ಮ ನಿಂದನೆಯನ್ನು ತಾವೇ ಕೇಳಿ ತಲೆದೂಗುತ್ತಿದ್ದರು. ಮಷಿನ್ನೂ ಅದೇ ತಾಳಕ್ಕೆ ಓಡುತ್ತಿತ್ತು ಎಂದು ಅಕ್ಕನ ಸಾಕ್ಷ್ಯ.

ತಾವು ಕಂಪನಿ ಕೊಂಡ ಮೇಲೆ ಒಂದು ದಿನ ಈ ಹಾಡು ಮಾಯವಾಯಿತು. ಆ ಜಾಗದಲ್ಲಿ ಒಂದು ಬೋರ್ಡು: "ಖಾಸಗಿ ವ್ಯಕ್ತಿಯೊಬ್ಬರ ದೇಹ ಮತ್ತು ಆಹಾರ ಸೇವನೆಯನ್ನು ಗುರಿಯಾಗಿಸಿದ ನಿಂದನೆಯ ಕಾರಣ ತೆಗೆಯಲಾಗಿದೆ." ಶರೀಫಾಬೀ ನನಗೆ ಫೋನ್ ಮಾಡಿದರು. ಸಿಟ್ಟು ಬಂದರೆ ಅವರು ದಖನಿ ಬಿಟ್ಟು ನೇರ ಕನ್ನಡಕ್ಕಿಳಿಯುತ್ತಾರೆ.

"ಯಾಕೋ, ನಂಗ ಬೈದದ್ದು ತಗದೀರಂತ? ನಾ ಏನ್ ತಪ್ಪ್ ಮಾಡೀನಿ?"

"ನಾವು ತಗದಿಲ್ಲ ಖಾಲಾ. ಕಂಪನಿಯವರು ತಗದಾರ."

"ಕಂಪನಿಯವರು ನಂಗ ಏನಾಗಬೇಕು? ಅವರ ಮನಿ ಹೆಣ್ಣ ತಂದೀನೇನ್ ನಾನು?"

ಅಧಿಕಾರಿಗಳೇ, ತಮ್ಮ ಕಾನೂನು ವಿಭಾಗದವರೆಲ್ಲ ಕೂಡಿ ಈ ಪ್ರಶ್ನೆಗೆ ಉತ್ತರ ಕೊಡಲಿ. ನಾನು ಕಾಯುತ್ತೇನೆ.

ಆಗ ನನಗೆ ತಮ್ಮ ವ್ಯವಸ್ಥೆಯ ಮೇಲೆ ಇನ್ನೂ ನಂಬಿಕೆ ಇತ್ತು. ನಿಂದನೆಗೆ ಒಳಗಾದ ವ್ಯಕ್ತಿಯೇ ಹೇಳಿಕೆ ಕೊಡಬಹುದು ಎಂದು ತಮ್ಮ ನಿಯಮದಲ್ಲಿತ್ತು. ಇದಕ್ಕಿಂತ ನ್ಯಾಯ ಬೇಕೆ? ಶಹಾಪುರದ ಬಸ್ಸು ಹತ್ತಿದೆ. ಶರೀಫಾಬೀ ಹೊಸ ದುಪಟ್ಟಾ ಹೊದ್ದು, ಖುರ್ಚಿಯ ಮೇಲೆ ಕೋರ್ಟಿಗೆ ಬಂದವರಂತೆ ನೆಟ್ಟಗೆ ಕೂತು, ಕ್ಯಾಮೆರಾ ನೋಡಿ ಹೇಳಿಕೆ ಕೊಟ್ಟರು: "ನಂಗ ಬೈದಾರ್ರಿ. ಹೌದು, ಮಕ್ತುಂಬೀನೇ ಬೈದಾಳ. ಎಲ್ಲಾರ ಮುಂದ ಬೈದಾಳ. ನನ್ನ ಹೆಸರು ತಗೊಂಡು ಬೈದಾಳ. ಹಂಗ ಬೈಯವರು ಈ ಜಿಲ್ಲಾದಾಗ ಇನ್ನೊಬ್ಬರಿಲ್ಲ!" ಕೊನೆಯ ಮಾತಿನಲ್ಲಿದ್ದ ಹೆಮ್ಮೆಯನ್ನು ಕಲ್ಲಾದರೂ ಕೇಳಿಸಿಕೊಳ್ಳುತ್ತಿತ್ತು. ಗೆದ್ದೆವು ಎಂದುಕೊಂಡು ಇಬ್ಬರೂ ಮಿರ್ಚಿಭಜಿ ತಿಂದೆವು.

ತಮ್ಮ ಉತ್ತರ ಮರುದಿನವೇ ಬಂತು. ಶರೀಫಾಬೀ ಅವರು ಅನುಭವಿಸಿದ ನೋವಿಗೆ ವಿಷಾದ. ಧೈರ್ಯವಾಗಿ ಮುಂದೆ ಬಂದದ್ದಕ್ಕೆ ಅಭಿನಂದನೆ. ಮನಸ್ಸಿಗೆ ಸಾಂತ್ವನ ಬೇಕಿದ್ದರೆ ಇಲ್ಲಿಗೆ ಕರೆ ಮಾಡಿ ಎಂದು ಒಂದು ಸಹಾಯವಾಣಿ. ಕಿರುಕುಳ ಕೊಟ್ಟವರ ಖಾತೆಯನ್ನು ಪೂರ್ತಿಯಾಗಿ, ಶಾಶ್ವತವಾಗಿ ಮುಚ್ಚಲಾಗಿದೆ.

ಪೂರ್ತಿಯಾಗಿ! ಆ ಖಾತೆಯಲ್ಲಿ ಬೈಗುಳ ಮಾತ್ರ ಇರಲಿಲ್ಲ, ಅಧಿಕಾರಿಗಳೇ. ಬೀಸುವ ಕಲ್ಲಿನ ಮುಂದೆ ಹಾಡುವ ಹಾಡುಗಳಿದ್ದವು. ಮದುಮಗಳಿಗೆ ಅರಿಶಿಣ ಹಚ್ಚುವಾಗಿನವು, ಅವಳನ್ನು ಕಳಿಸಿಕೊಡುವಾಗಿನವು, ನನ್ನನ್ನು ತೊಟ್ಟಿಲಲ್ಲಿ ಮಲಗಿಸಿದ್ದು. ಯಾವುದನ್ನೂ ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ನಾನಿಗೆ ಬರೆಯಲು ಬರುವುದಿಲ್ಲ, ಬರೆಯಬಲ್ಲ ನಮಗೆ ಬುದ್ಧಿ ಇರಲಿಲ್ಲ. ಒಬ್ಬ ಬೀಗತಿಯ ಮಾನ ಕಾಪಾಡಲು ತಾವು ಇಷ್ಟನ್ನೂ ಸುಟ್ಟಿರಿ, ಆ ಬೀಗತಿಯೋ ತನ್ನ ಮಾನ ಹೋಯಿತೆಂದು ಶಹಾಪುರದಲ್ಲಿ ಎರಡು ದಿನ ಊಟ ಬಿಟ್ಟರು.

"ಕಂಪನಿ ನಮ್ಮದು, ನಿಯಮ ನಮ್ಮದು" ಎನ್ನುತ್ತೀರಿ. ಕಂಪನಿ ತಮ್ಮದೇ, ಯಾರು ಬೇಡವೆಂದರು? ದೇವಾಪುರದ ತಿಮ್ಮಣ್ಣ ಈಚೆಗೆ ಒಂದು ಹಿಟ್ಟಿನ ಗಿರಣಿ ಕೊಂಡ. ಬಾಗಿಲು ತೆರೆದ ಮೊದಲ ದಿನ ಒಳಗೆ ಬೇರೆಯವರ ಜೋಳದ ಡಬ್ಬಿಗಳು ಸಾಲಾಗಿ ಕೂತಿದ್ದವು. ಆತ ಹೊರಗೆ ನಿಂತು ಕೂಗಿದ: "ಯಾರ ಡಬ್ಬಿ ಇವು ಯವ್ವಾ? ಬಂದು ಒಯ್ರಿ, ಇಲ್ಲಂದ್ರ ಬೀಸಿ ಇಡ್ಲೇನು?" ಗಿರಣಿ ಕೊಂಡರೂ ಜೋಳ ತನ್ನದಲ್ಲ ಎಂದು ತಿಳಿಯಲು ತಿಮ್ಮಣ್ಣನಿಗೆ ಸಮಿತಿ ಬೇಕಾಗಲಿಲ್ಲ. ತಾವು ಯಾವ ಊರ ಗಿರಣಿಯವರು? ಜೋಳ ಎಸೆದು, ಡಬ್ಬಿ ಎಸೆದು, ಕೊನೆಗೆ ಡಬ್ಬಿಯವ್ವನಿಗೇ "ನೀನು ಅಪರಾಧಿ" ಎಂದು ಚೀಟಿ ಅಂಟಿಸುವುದು ಯಾವ ವ್ಯಾಪಾರ?

ಹಾಡು ಹೋದರೆ ಹೋಯಿತು, ಈಗೇನು ಅವಸರ ಎಂದು ತಮಗೆ ಅನಿಸಬಹುದು. ಹೇಳುತ್ತೇನೆ. ನನ್ನ ತಂಗಿ ಗುಲಫಶಾಳ ಮದುವೆ ಮುಂದಿನ ತಿಂಗಳು, ಬೀಗರು ಹುಣಸಗಿಯವರು. ಆಪರೇಷನ್ ಆದ ಮೇಲೆ ನಾನಿ ಓಣಿಯ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ಫೋನಿನಲ್ಲಿ ತನ್ನದೇ ಹಾಡು ಹಚ್ಚಿ, ಡೋಲಕ್ಕಿನ ಮೇಲೆ ತಾಳ ತೋರಿಸಿ ಕಲಿಸುತ್ತಿದ್ದಳು. ತಪ್ಪಿದವರಿಗೆ ತೊಡೆಗೊಂದು ಚಿವುಟು. ಅರ್ಧ ಕಲಿತಿದ್ದರು. ಈಗ ಫೋನು ಮೂಗಿ. ಹೋದ ವಾರ ಹುಡುಗಿಯರು ಬಂದು ಕೂತರು. ನಾನಿ ಡೋಲಕ್ ಬಾರಿಸಿದಳು, ತುಟಿ ಅಲ್ಲಾಡಿಸಿದಳು. ಯಾರಿಗೂ ಪದ ತಿಳಿಯಲಿಲ್ಲ. "ನಾನಿ, ಇನ್ನೊಮ್ಮೆ" ಎಂದಳು ಗುಲಫಶಾ. ಮತ್ತೆ ತುಟಿ ಅಲ್ಲಾಡಿಸಿದಳು, ಕುತ್ತಿಗೆಯ ನರ ಉಬ್ಬುವಷ್ಟು. ಆಮೇಲೆ ಡೋಲಕ್ಕನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ನಾನು ಎಲ್ಲದಕ್ಕೂ ಗೇಲಿ ಮಾಡುವವನು ಎಂದು ಊರಿಗೇ ಗೊತ್ತು. ಅಂದು ಮಾಡಲು ಏನೂ ಸಿಗಲಿಲ್ಲ.

ಆದ್ದರಿಂದ ಕೇಳುವುದಿಷ್ಟು. ಅಳಿಸಿದ್ದು ತಮ್ಮ ಪೆಟ್ಟಿಗೆಯ ಯಾವ ತಳದಲ್ಲಾದರೂ ಉಳಿದೇ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಮದುವೆಯ ಮೊದಲು ಒಂದೂ ಬಿಡದೆ ಮರಳಿಸಿ. ಕಿರುಕುಳ ಕೊಟ್ಟವಳು ಎಂದು ನಾನಿಯ ಹೆಸರಿನ ಮುಂದೆ ಬರೆದದ್ದನ್ನು ಅಳಿಸಿ, ಅಳಿಸುವುದರಲ್ಲಿ ತಾವು ನಿಪುಣರು. ಇದನ್ನು ಯಂತ್ರ ಓದದಿರಲಿ; ಒಮ್ಮೆಯಾದರೂ ಮದುವೆಯ ಊಟಕ್ಕೆ ಕೂತ ಮನುಷ್ಯರೊಬ್ಬರು ಓದಲಿ.

ಮರಳಿಸುವುದಿಲ್ಲ ಎನ್ನುವಿರಾದರೆ, ಅದಕ್ಕೂ ನಾವು ಏರ್ಪಾಡು ಮಾಡಿಕೊಂಡಿದ್ದೇವೆ. ಹಾಡಿಲ್ಲದೆ ಮದುವೆ ಆಗುವುದಿಲ್ಲವಲ್ಲ, ನಿನ್ನೆಯಿಂದ ಹುಡುಗಿಯರು ತಮ್ಮ ಕಂಪನಿಯವರ ಮೇಲೆಯೇ ಒಂದು ಹೊಸ ಹಾಡು ಕಟ್ಟಲು ಕೂತಿದ್ದಾರೆ. ಎರಡು ಸಾಲು ಆಗಿವೆ, ಪತ್ರಿಕೆಯಲ್ಲಿ ಅಚ್ಚು ಹಾಕುವಂಥವಲ್ಲ. ನಾನಿ ಒಳಗಿನಿಂದ ಬಂದು ಕೇಳಿಸಿಕೊಂಡಳು, ಡೋಲಕ್ ಎಳೆದುಕೊಂಡಳು, ಬಾರಿಸಿದಳು. ಮೂರನೆಯ ಸಾಲಿಗೆ ಕೈ ಎತ್ತಿ ನಿಲ್ಲಿಸಿಬಿಟ್ಟಳು. ಅಲ್ಲಿ ಬೈಸಿಕೊಳ್ಳುವವರ ಹೆಸರು, ಅವರ ತಾಯಿಯ ಹೆಸರು, ಊರು ಬರಬೇಕು. ತಮ್ಮ ಪತ್ರಗಳಲ್ಲೆಲ್ಲ 'ತಂಡ' ಎಂದಷ್ಟೇ ಸಹಿ. ತಂಡವನ್ನು ಬೈಯಲು ನಮ್ಮಲ್ಲಿ ರಾಗವಿಲ್ಲ.

ಹಾಡು ಕಳಿಸಿ, ಇಲ್ಲವೇ ಹೆಸರು ಕಳಿಸಿ. ಡೋಲಕ್ಕಿನ ಮೇಲೆ ಎತ್ತಿದ ಕೈ ಹಾಗೇ ನಿಂತಿದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಕಿರುಕುಳಗಾರ್ತಿಯ ಮೊಮ್ಮಗ,
ತಾನಾಗಿ ಹೋಗಿ ಸಾಕ್ಷಿ ಒದಗಿಸಿದ ಮಹಾ ಬುದ್ಧಿವಂತ,
ಅತೀಕ
ರಂಗಂಪೇಟೆ, ಸುರಪುರ