ಹುಳು ಮುಟ್ಟದ ಎಲೆ

ಏಳನೆಯ ತಿಂಗಳ ಮೂವತ್ತೆಂಟನೆಯ ದಿನ, ಇಸವಿ ೨೨೩೧
ನಂಜುಮನೆಯ ಹೊರಜಗಲಿ, ಕರಡಿಕೊಳ್ಳ

ಕರಡಿಕೊಳ್ಳ ಔಷಧವನದ ಸಂಶೋಧಕರಿಗೆ,

ನನ್ನ ಮೊದಲ ಪತ್ರದಲ್ಲಿ ತಪ್ಪು ನುಸುಳಿತ್ತು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಕೋರುವುದು ಆ ತಪ್ಪಿನ ಮಟ್ಟಿಗೆ ಮಾತ್ರ. ಅದರಾಚೆಗೆ ನಾನು ನಿಮ್ಮಲ್ಲಿ ಕ್ಷಮೆ ಕೇಳಬೇಕಾದ ಸಂಗತಿ ಯಾವುದೂ ಇಲ್ಲ. ಇದ್ದರೆ ಅದು ನಿಮ್ಮ ಕಡೆಯಿಂದ ಬರಬೇಕಾದದ್ದು.

ಮೇಲಿನ ದಿನಾಂಕ ನಿಮಗೆ ಅಸಂಬದ್ಧವಾಗಿ ಕಾಣಬಹುದು. ನಮ್ಮ ವರ್ಷಕ್ಕೆ ಒಂಬತ್ತು ತಿಂಗಳು, ತಿಂಗಳಿಗೆ ನಲವತ್ತು ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದವು. ನಿಮ್ಮ ಪಂಚಾಂಗವನ್ನು ನಮ್ಮದಕ್ಕೆ ಹೊಂದಿಸುವಾಗ ಆ ದಿನಗಳನ್ನು ನಾನು ಕೆಲವು ವರ್ಷಗಳಲ್ಲಿ ಎರಡು ಸಲ ಸೇರಿಸಿದೆನಾಗಿ, ನಿಮಗೆ ತಿಳಿಸಿದ ದಿನಗಳು ತಪ್ಪಿದವು. ಕೆಲವು ಪದಗಳೂ ನಿಮಗೆ ಹೊಸವೆನಿಸಬಹುದು. ನಿಮ್ಮ ಕಾಲದ ಬರಹಗಳಲ್ಲಿ ಕನ್ನಡ ಪದ ಸಿಗದೆಡೆಯಲ್ಲೆಲ್ಲ ಪರಭಾಷೆಯ ಪದವನ್ನು ತಂದು ನಿಲ್ಲಿಸಿದ್ದೀರಿ. ನಾವು ಅಲ್ಲಿ ಪದ ಕಟ್ಟಿಕೊಂಡಿದ್ದೇವೆ. ಈ ಪತ್ರವನ್ನು ಹಿಂದಿನ ಕಾಲಕ್ಕೆ ಒಯ್ಯುವ ವ್ಯವಸ್ಥೆಗೆ ನಮ್ಮಲ್ಲಿ ಹಿಮ್ಮರಳಂಚೆ ಎಂದು ಹೆಸರು. ಒಂದು ಊರಿಗೆ ವರ್ಷಕ್ಕೆ ಎರಡು ಪತ್ರಗಳ ಪಾಲು. ನಮ್ಮ ಊರಿನ ಎರಡನ್ನೂ ನಿಮ್ಮ ಮೇಲೆ ವ್ಯಯ ಮಾಡಬೇಕಾಗಿ ಬಂದುದಕ್ಕೆ ನನಗೆ ಬೇಸರವಿದೆ.

ನಾನು ಚೆನ್ನವೀರಯ್ಯ ಸಾಲಿಮಠ. ನಂಜುಮನೆಯಲ್ಲಿ ಹಳೆಯ ವೈದ್ಯ ಬರಹಗಳನ್ನು ಓದಿ, ತಿಳಿಗನ್ನಡಕ್ಕೆ ತಿದ್ದಿ, ಮದ್ದು ಹುಡುಕುವವರಿಗೆ ಒದಗಿಸುವುದು ನನ್ನ ಕೆಲಸ. ನಂಜುಮನೆಯೆಂದರೆ, ಗಾಯ ನಂಜಾದವರನ್ನು ಗಾಜಿನ ಗೋಡೆಯ ಹಿಂದೆ ಇರಿಸುವ ಮನೆ. ನೀವು ನೆಗಡಿಗೂ ನುಂಗಿದ ಗುಳಿಗೆಗಳನ್ನು ನಾವು ತೀರಿದ ಮದ್ದುಗಳು ಎನ್ನುತ್ತೇವೆ. ರೋಗಾಣುಗಳು ಅವನ್ನು ಈಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದುದರಿಂದ ನಮ್ಮ ಬದುಕೆಲ್ಲ ಚರ್ಮವನ್ನು ಕಾಯುವುದರಲ್ಲೇ ಕಳೆಯುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಈಳಿಗೆ ಇಲ್ಲ. ಬದನೆಕಾಯಿಯನ್ನು ಬೇಯಿಸಿ ಕೈಯಿಂದ ಮುರಿಯುತ್ತೇವೆ. ಕ್ಷೌರ ಮಾಡುವವರಿಲ್ಲ, ಗಂಡಸರೆಲ್ಲ ಗಡ್ಡ ಬಿಟ್ಟಿದ್ದೇವೆ. ಒಡೆದರೆ ಕೈ ಕೊಯ್ಯುತ್ತದೆಂದು ಹೆಂಗಸರು ಗಾಜಿನ ಬಳೆಗಳನ್ನು ಬಿಟ್ಟು ಎಷ್ಟೋ ತಲೆಮಾರುಗಳಾದವು. ಮದುವೆಯಲ್ಲಿ ಬಳೆ ತೊಡಿಸುವ ಶಾಸ್ತ್ರಕ್ಕೆ ನೂಲಿನ ಬಳೆ ಬಂದಿದೆ. ಮಕ್ಕಳು ಬಯಲಿನಲ್ಲಿ ಓಡುವುದನ್ನು ನಾನು ನೋಡಿಯೇ ಇಲ್ಲ. ಜೋಳದ ಕೊಯ್ಲಾದ ಹೊಲಕ್ಕೆ ಯಂತ್ರವಲ್ಲದೆ ಮನುಷ್ಯರು ಇಳಿಯುವುದಿಲ್ಲ, ಕೂಳೆ ಚುಚ್ಚುತ್ತದೆಂದು.

ನನ್ನ ಹೆಂಡತಿ ಕಾಶವ್ವ ಇಳಿದಳು. ಹೊಲಕ್ಕೆ ನುಗ್ಗಿದ ನೆರೆಮನೆಯ ಕರುವನ್ನು ಅಟ್ಟಲು ಹೋಗಿ ಹಿಮ್ಮಡಿಗೆ ಕೂಳೆ ನಾಟಿಸಿಕೊಂಡಳು. ಈಗ ಗಾಜಿನ ಹಿಂದಿದ್ದಾಳೆ. ನಂಜು ಮೊಣಕಾಲಿನತ್ತ ಏರುತ್ತಿದೆ.

ಈಗ ನಿಮ್ಮ ವಿಷಯ. ನಂಜೆಲೆ ಎಂಬ ಗಿಡದ ಬಗ್ಗೆ ನೀವು ೨೦೨೭ರಲ್ಲಿ ಬರೆದ ಪ್ರಬಂಧವನ್ನು ನಾನು ಓದಿದ್ದೇನೆ. ಗುಡ್ಡದಿಂದ ಸಿಕ್ಕಿದ ಎಲೆಗಳನ್ನು ತಂದು, ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆದಿರಿ. ಆ ಸಾರವು ನೇರಳೆ ದ್ರಾವಣವನ್ನು ಹಳದಿಗೆ ತಿರುಗಿಸಿತು. ಅದರಿಂದ ಎಲೆಗೆ ಉತ್ಕರ್ಷಣ ನಿರೋಧಕ ಗುಣವಿದೆಯೆಂದು ಬರೆದಿರಿ. ರೋಗಾಣು ಬೆಳೆಸಿದ ತಟ್ಟೆಯಲ್ಲಿ ಸಾರದ ಬಿಲ್ಲೆಯನ್ನಿಟ್ಟಾಗ ಅದರ ಸುತ್ತ ರೋಗಾಣು ಸತ್ತು ಅಗಲವಾದ ತೆರವು ಬಳೆ ಮೂಡಿತು. ಅದರಿಂದ ಸೂಕ್ಷ್ಮಜೀವಿ ನಿರೋಧಕ ಗುಣವೂ ಇದೆಯೆಂದಿರಿ. ಕೊನೆಯಲ್ಲಿ ‘ಹೆಚ್ಚಿನ ಅಧ್ಯಯನದ ಅಗತ್ಯವಿದೆ’ ಎಂದು ಬರೆದು ಎದ್ದುಹೋದಿರಿ. ನಿಮ್ಮ ಕಾಲದ ಇಂಥ ಪ್ರಬಂಧಗಳೆಲ್ಲವೂ ಈ ವಾಕ್ಯದಲ್ಲೇ ಮುಗಿಯುತ್ತವೆ. ಆ ಅಗತ್ಯ ಯಾರಿಗೆ, ಅಧ್ಯಯನ ಮಾಡಬೇಕಾದವರು ಯಾರು ಎಂದು ಒಬ್ಬರೂ ಹೇಳಿಲ್ಲ. ನಮಗೇ ಇರಬೇಕೆಂದು ತಿಳಿದು ಮಾಡಿದ್ದೇವೆ.

ಎರಡನೆಯ ಪ್ರಬಂಧವನ್ನು ನೀವಿನ್ನೂ ಬರೆದಿಲ್ಲ, ಬರೆಯಲಿದ್ದೀರಿ. ಅದಕ್ಕಾಗಿ ತೂತಿಲ್ಲದ, ಕಲೆಯಿಲ್ಲದ ಎಲೆಗಳನ್ನಷ್ಟೇ ಆರಿಸಬೇಕೆಂಬ ನಿಯಮ ಮಾಡುವಿರಿ. ಅಂಥ ಎಲೆ ಸಾಕಷ್ಟು ಸಿಗಲೆಂದು ಗುಡ್ಡದ ಗಿಡಗಳಿಗೆಲ್ಲ ಹುಳುನಾಶಕ ಹೊಡೆಸುವಿರಿ. ಆ ಅಂದದ ಎಲೆಗಳ ಸಾರಕ್ಕೆ ತಟ್ಟೆಯಲ್ಲಿ ಬಳೆ ಮೂಡುವುದಿಲ್ಲ. ಏಕೆಂದು ಕೇಳುವ ಬದಲು ಆ ಭಾಗವನ್ನು ಕೈಬಿಟ್ಟು, ನೇರಳೆ ಹಳದಿಯಾದ ಕಥೆಯನ್ನು ಮಾತ್ರ ಅಚ್ಚುಹಾಕಿಸುವಿರಿ. ಕಷಾಯದ ಪೊಟ್ಟಣಗಳ ಮೇಲೆ ಆ ಪ್ರಬಂಧದ ಮಾತು ಬರುತ್ತದೆ. ಇಂದಿಗೂ ನಾವು ನಂಜೆಲೆಯನ್ನು ಬಲೆ ಹೊದಿಸಿದ ತೋಟಗಳಲ್ಲಿ ಬೆಳೆದು ದಿನವೂ ಕುಡಿಯುತ್ತೇವೆ. ಬಣ್ಣ ಚೆನ್ನಾಗಿದೆ. ಒಗರೂ ಹದವಾಗಿದೆ. ಗಾಯಕ್ಕೆ ಹಾಕಿದರೆ ನೀರು ಹಾಕಿದಂತೆ.

ನೀವು ಮನಬಂದಂತೆ ಕೊಯ್ದು ಅಸಲು ತಳಿಯನ್ನು ಅಳಿಸಿದಿರಿ, ನಮಗೆ ಉಳಿದದ್ದು ಸತ್ವಹೀನ ತಳಿ ಎಂದು ಮೊದಲ ಪತ್ರದಲ್ಲಿ ಆರೋಪಿಸಿದ್ದೆ. ಎಲೆ ಕೊಯ್ಯಬೇಡಿರೆಂದೂ ಕೇಳಿದ್ದೆ. ಆ ಆರೋಪ ತಪ್ಪು. ತಳಿ ಅದೇ. ಇದನ್ನು ಕಂಡುಹಿಡಿದವಳು ನಮ್ಮ ರಸಾಯನಶಾಲೆಯ ಮುಖ್ಯಸ್ಥೆ ಮೆಹರುನ್ನೀಸಾ ಬಾಗವಾನ. ನಿಮ್ಮ ಮೊದಲ ಸಂಗ್ರಹದ ಎಲೆಯೊಂದು ಒಣಗಿಸಿ ಅಂಟಿಸಿದ ಹಾಳೆಯಲ್ಲಿ ನಮ್ಮವರೆಗೆ ಬಂದಿದೆ. ಅಂಟಿಸಿದವರು ಅಜಾಗರೂಕರಾಗಿದ್ದರು; ಆ ಎಲೆಯಲ್ಲಿ ಕಂಬಳಿಹುಳು ಕೊರೆದ ತೂತೊಂದಿದೆ. ನಿಮ್ಮಿಂದ ನಮಗೆ ದೊರೆತ ಏಕೈಕ ಉಪಕಾರ ಆ ಅಜಾಗರೂಕತೆ. ತೂತಿನ ಕಂದು ಅಂಚನ್ನು ಮೆಹರುನ್ನೀಸಾ ಕೆರೆದು ಪರೀಕ್ಷಿಸಿದಳು. ತಟ್ಟೆಯಲ್ಲಿ ಬಳೆ ಮೂಡಿತು. ಎಲೆಯ ಉಳಿದ ಭಾಗಕ್ಕೆ ಏನೂ ಮೂಡಲಿಲ್ಲ. ಅಂಚಿನಲ್ಲಿ ಒಣಗಿದ್ದ ಜೊಲ್ಲಿನಿಂದ ಹುಳುವಿನ ಗುರುತೂ ಸಿಕ್ಕಿತು.

ಗಿಡವು ಆ ದ್ರವ್ಯವನ್ನು ಸುಮ್ಮನೆ ತಯಾರಿಸುವುದಿಲ್ಲ. ಬೂದಿರೆಕ್ಕೆ ಎಂಬ ಪತಂಗದ ಮರಿ ಎಲೆಯನ್ನು ಕಚ್ಚಿ, ಅದರ ಜೊಲ್ಲು ಗಾಯಕ್ಕೆ ತಾಗಿದಾಗ ಮಾತ್ರ, ತನ್ನ ಗಾಯ ನಂಜಾಗದಿರಲೆಂದು ತಯಾರಿಸುತ್ತದೆ. ಅದನ್ನು ನಾವು ಕಚ್ಚುಸಾರ ಎಂದು ಕರೆದಿದ್ದೇವೆ. ಕತ್ತರಿಯಿಂದ ಕತ್ತರಿಸಿ ನೋಡಿದೆವು, ಸೂಜಿಯಿಂದ ಚುಚ್ಚಿದೆವು, ಆಡಿನಿಂದ ಮೇಯಿಸಿದೆವು, ಬೇರೆ ಹುಳುಗಳನ್ನು ಬಿಟ್ಟೆವು. ಗಿಡ ಮೋಸಹೋಗಲಿಲ್ಲ. ಅದಕ್ಕೆ ಆ ಹುಳುವೇ ಬೇಕು. ಆ ಹುಳು ಇದ್ದದ್ದು ನಿಮ್ಮ ಗುಡ್ಡವೊಂದರಲ್ಲೇ. ಅದನ್ನು ನೀವು, ನಿಮ್ಮ ಮಾತಿನಲ್ಲೇ ಹೇಳುವುದಾದರೆ, ‘ಕೀಟಬಾಧೆ’ ಎಂದು ತೊಳೆದುಹಾಕುವಿರಿ.

ಕಂದು ಅಂಚು ಆ ಪರೀಕ್ಷೆಗೇ ಮುಗಿದುಹೋಯಿತು. ಈ ಮಾತನ್ನು ಹೇಳಲು ಮೆಹರುನ್ನೀಸಾ ಗಾಜಿನ ಬಳಿ ಬಂದು ಬಹಳ ಹೊತ್ತು ತಡವರಿಸಿದಳು. ಕಾಶವ್ವ ಎಲ್ಲವನ್ನೂ ಕೇಳಿಸಿಕೊಂಡು, “ಹುಳಾ ತಿಂದ ಎಲಿ ಒಗದು ಚಂದನ್ನವು ಆರಿಸ್ಯಾರೇನು? ಸಂತ್ಯಾಗ ಕಾಯಿಪಲ್ಲೆ ಕೊಳ್ಳಾಕ ಬಂದವ್ರಂಗ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕೂಡಲೇ ಈ ಪತ್ರ ಬರೆಯಲು ಕುಳಿತು, ಬರೆದಷ್ಟನ್ನು ಆಕೆಗೆ ಓದಿ ಹೇಳಿದೆ. ಆಕೆ ನನ್ನನ್ನು ಬಿಟ್ಟು ಮೆಹರುನ್ನೀಸಾಳ ಕಡೆ ತಿರುಗಿದಳು.

“ನಮ್ಮ ಯಜಮಾನ್ರಿಗೆ ಬೈಯಾಕ ಬಾಳ ಚಲೋ ಬರತೈತಿ. ಬೈಸಿಕೊಂಡವ್ರು ಮಾತು ಕೇಳ್ತಾರೇನವಾ, ಮೆಹರೂ?”

“ಕೇಳೂದಿಲ್ರಿ ಕಾಕಿ,” ಎಂದಳು ಮೆಹರುನ್ನೀಸಾ, ನನ್ನ ಮುಖವನ್ನು ನೋಡದೆ.

“ಹಂಗಾರ ಏನು ಬೇಕಂತ ಕೇಳ್ರಿ. ಬೈಯೂದು ಆಮ್ಯಾಲೆ ಬೈದ್ರಾತು.”

ಆಕೆಯ ಮಾತಿಗೆ ಬೆಲೆಕೊಟ್ಟು ಒಂದು ಇಡೀ ಪುಟವನ್ನು ಹರಿದುಹಾಕಿದ್ದೇನೆ. ಉಳಿದಿರುವುದು ನಿಮಗೆ ಸಲ್ಲಬೇಕಾದದ್ದೇ ಆದುದರಿಂದ ಹಾಗೆಯೇ ಬಿಟ್ಟಿದ್ದೇನೆ.

ಬೇಕಾದದ್ದು ಇಷ್ಟು. ಗುಡ್ಡದ ಬಡಗಣ ಇಳಿಜಾರಿನಲ್ಲಿ, ಕಲ್ಲುಗಣಿಯ ಮೇಲಿನ ಬೇಲಿಯುದ್ದಕ್ಕೂ ಇರುವ ನಂಜೆಲೆ ಗಿಡಗಳಲ್ಲಿ ಈಗ ಆ ಮರಿಗಳಿವೆ. ಸಿಂಪಡಣೆಯನ್ನು ಎರಡು ವಾರ ಮುಂದಕ್ಕೆ ಹಾಕಿರಿ. ಅಷ್ಟರಲ್ಲಿ ಅವು ಎಲೆ ಬಿಟ್ಟು ಮಣ್ಣಿಗಿಳಿದು ಕೋಶ ಕಟ್ಟಿಕೊಳ್ಳುತ್ತವೆ. ನಿಮ್ಮ ನಂಜು ಅಲ್ಲಿಗೆ ಮುಟ್ಟದು. ಆಮೇಲೆ ನಿಮಗೆ ಬೇಕಾದಷ್ಟು ಅಂದದ ಎಲೆಗಳನ್ನು ಕೊಯ್ದುಕೊಳ್ಳಿರಿ, ಬೇಕಾದಷ್ಟು ಪ್ರಬಂಧಗಳನ್ನು ಬರೆಯಿರಿ. ನಿಮ್ಮ ಹೆಸರಿಗಾಗಲಿ ಬಡ್ತಿಗಾಗಲಿ ಇದರಿಂದ ಯಾವ ಕುಂದೂ ಬಾರದು. ನಿಮ್ಮಲ್ಲಿ ಎಲ್ಲರೂ ಒಪ್ಪಬೇಕೆಂದಿಲ್ಲ. ಸಿಂಪಡಿಸುವ ಯಂತ್ರದ ಕೋಣೆಯ ಬೀಗದ ಕೈ ಯಾರ ಬಳಿ ಇದೆಯೋ ಅವರೊಬ್ಬರು ಒಪ್ಪಿದರೆ ಸಾಕು.

ಹಿಮ್ಮರಳಂಚೆಯ ಫಲ ತಡವಾಗುವುದಿಲ್ಲ. ನೀವು ನನ್ನ ಮಾತು ಕೇಳಿದ್ದರೆ ನಾಳೆ ಬೆಳಗ್ಗೆ ಗುಡ್ಡದ ಎಲೆಗಳಲ್ಲಿ ತೂತುಗಳಿರುತ್ತವೆ. ಬೆಳಕು ಹರಿಯುವ ಮೊದಲೇ ಮೆಹರುನ್ನೀಸಾ ಬುಟ್ಟಿ ಹಿಡಿದು ಹೋಗಿ ಅಲ್ಲಿ ನಿಂತಿರುತ್ತಾಳೆ. ನಾನು ಗಾಜಿನ ಬಳಿ ಇರುತ್ತೇನೆ.

ನಿಮ್ಮ ಮೇಲೆ ನನಗೆ ಗೌರವವಿಲ್ಲ; ಇದೆಯೆಂದು ಬರೆದರೆ ಸುಳ್ಳಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಚೆನ್ನವೀರಯ್ಯ ಸಾಲಿಮಠ

ತಿದ್ದಿದ ದಿನಾಂಕಗಳು:

ನಂಜೆಲೆಯ ಅಸಲು ತಳಿ ಅಳಿದದ್ದು. ಮೊದಲ ಪತ್ರದಲ್ಲಿ, ೨೦೪೧. ಸರಿಯಾದದ್ದು, ಅಳಿದೇ ಇಲ್ಲ.

ಔಷಧವನದ ಸಿಂಪಡಣೆ. ಮೊದಲ ಪತ್ರದಲ್ಲಿ, ೨೧ ನವೆಂಬರ್ ೨೦೨೯. ಸರಿಯಾದದ್ದು, ೬ ಸೆಪ್ಟೆಂಬರ್ ೨೦೨೯, ಗುರುವಾರ ಬೆಳಗ್ಗೆ. ಈ ಪತ್ರ ನಿಮ್ಮ ಕೈಸೇರಿದ ಮರುವಾರ.

ಬೂದಿರೆಕ್ಕೆಯ ಮರಿಗಳು ಮಣ್ಣಿಗಿಳಿಯುವುದು. ಮೊದಲ ಪತ್ರದಲ್ಲಿ ಹೇಳಿರಲಿಲ್ಲ. ೨೦ ಸೆಪ್ಟೆಂಬರ್ ೨೦೨೯ರ ಹೊತ್ತಿಗೆ.

ಕಾಶವ್ವನ ಕಾಲು ತೆಗೆಯುವುದು. ಮೊದಲ ಪತ್ರದಲ್ಲಿ, ಎಂಟನೆಯ ತಿಂಗಳ ಇಪ್ಪತ್ತು. ವೈದ್ಯರು ಅಷ್ಟು ದಿನ ಕಾಯಲಾಗದೆಂದು ಈಗಷ್ಟೇ ಹೇಳಿಹೋದರು. ಸರಿಯಾದದ್ದು, ನಾಳೆ, ಬಿಸಿಲೇರಿದ ಮೇಲೆ.