ಸಣಕಲಿಗೆ ಹೊಲಿದ ಹಸಿರು ಗೌನು

ಇಸ್ತಾಪಲಾಪಾ, ಮೆಕ್ಸಿಕೋ ನಗರ
ಜೂನ್ 2, 2015, ಮಂಗಳವಾರ

ನನ್ನ ಮುದ್ದಿನ ಮುದುಕಿ ಒಬ್ದುಲಿಯಾಗೆ,

ಎದೆ ಹೇಗಿದೆ? ಮಲಗಿದರೆ ಉಸಿರು ಕಟ್ಟುವುದು ಕಡಿಮೆಯಾಯಿತೇ? ಆಸ್ಪತ್ರೆಯ ಸಾರು ಪಾತ್ರೆ ತೊಳೆದ ನೀರಿನ ಹಾಗಿದೆ ಎಂದು ನೀನು ಜಗಳ ತೆಗೆದೆಯಂತೆ. ನಿನ್ನ ತಂಗಿ ಸೆನಾಯ್ದಾ ಹೇಳಿದಳು. ಕೇಳಿ ಜೀವಕ್ಕೆ ಸಮಾಧಾನವಾಯಿತು. ಇಷ್ಟು ಜಗಳವಾಡುವ ಹೃದಯವನ್ನು ಗುರುವಾರ ಡಾಕ್ಟರು ಯಾಕೆ ಬಿಚ್ಚಿ ನೋಡಬೇಕೋ ನನಗಂತೂ ತಿಳಿಯದು. ನಾನೇ ಬಂದು ವಿಚಾರಿಸುತ್ತಿದ್ದೆ. ಆದರೆ ಬಾಗಿಲಲ್ಲಿದ್ದ ನರ್ಸಮ್ಮ ನನ್ನ ಕೆಮ್ಮು ಕೇಳಿ, "ತಾತಾ, ಕೆಮ್ಮು ನಿಲ್ಲೋವರೆಗೂ ಈ ಕಡೆ ತಲೆ ಹಾಕ್ಬೇಡಿ" ಎಂದು ಸಾಗಹಾಕಿದಳು. ಹಾಗಾಗಿ ಈ ಪತ್ರ. ತರುವವಳು ಸೆನಾಯ್ದಾ. ದಾರಿಯಲ್ಲಿ ಅವಳು ಇದನ್ನು ಬಿಚ್ಚಿ ಓದುವುದು ಖಂಡಿತವಾದ್ದರಿಂದ ಅವಳಿಗೂ ಇಲ್ಲಿಯೇ ನಮಸ್ಕಾರ.

ನಿನ್ನ ಸಣಕಲಿ, ಮೂಲೆಯಲ್ಲಿ ನೀನು ಪೂಜೆಗಿಟ್ಟ ಆ ಎಲುಬುಗೂಡಿನ ಸಾವಮ್ಮನ ಮೂರ್ತಿ, ಕ್ಷೇಮ. ಸೆನಾಯ್ದಾ ಅವಳನ್ನು ಪಿಶಾಚಿ ಎನ್ನಲಿ, ಪಾದ್ರಿಗಳು ಇನ್ನೇನಾದರೂ ಎನ್ನಲಿ, ನೀನು ಹೇಳಿಹೋದ ಸೇವೆ ಒಂದೂ ತಪ್ಪಿಲ್ಲ. ಬೆಳಿಗ್ಗೆ ನೀರು ಬದಲಿಸುತ್ತೇನೆ, ಸೇಬು ಇಡುತ್ತೇನೆ, ಚುಟ್ಟಾ ಹಚ್ಚಿ ಹೊಗೆಯನ್ನು ಭಕ್ತಿಯಿಂದ ಅವಳ ತಲೆಬುರುಡೆಗೆ ಊದುತ್ತೇನೆ. (ಕೆಮ್ಮಿಗೆ ಇದೇ ಕಾರಣ ಎಂದು ನರ್ಸಮ್ಮನಿಗೆ ಹೇಳಲಾದೀತೇ?) "ಸಾವಿಗೇ ಸೇಬು ತಿನ್ನಿಸ್ತೀಯಲ್ಲೇ, ಹಲ್ಲೇನೋ ಇದೆ, ಹೊಟ್ಟೆ ಎಲ್ಲಿದೆ?" ಎಂದು ಮೀಸೆ ತಿರುವುತ್ತಾ ಇಷ್ಟು ವರ್ಷ ನಿನ್ನನ್ನು ರೇಗಿಸಿದವನು ನಾನು. "ಸಾಹುಕಾರ ಬರ್ಲಿ, ಕಳ್ಳ ಬರ್ಲಿ, ಇವಳು ಯಾರನ್ನೂ ಬಾಗಿಲಿಂದ ವಾಪಸ್ ಕಳ್ಸಲ್ಲ. ನಿಮ್ಮ ಪಾದ್ರಿ ಹಾಗಾ?" ಎಂದು ನೀನು ಬಾಯಿ ಮುಚ್ಚಿಸುತ್ತಿದ್ದೆ. ಈಗ ಮನೆಯಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಅವಳು. ರೇಗಿಸಲು ನಾಲಿಗೆ ಏಳುವುದಿಲ್ಲ.

ಒಂದನೇ ತಾರೀಖಿನ ಜಪಕ್ಕೆ ಹೊಸ ಬಟ್ಟೆ ಉಡಿಸಿ ಅವಳನ್ನು ಟೆಪಿಟೊ ಬೀದಿಯ ಅವಳ ಗುಡಿಗೆ ಕರೆದುಕೊಂಡು ಹೋಗಬೇಕು ಎಂದು ಅಪ್ಪಣೆಯಾಗಿತ್ತಲ್ಲ. ಮದುವೆಯ ಗೌನು ಹೊಲಿದೇ ಮುದುಕನಾದ ದರ್ಜಿಗೆ ಇದೇನು ಮಹಾ ಎಂದುಕೊಂಡು ಟೇಪು ತೆಗೆದೆ. ಭುಜ ಅಳೆದೆ. ಸೊಂಟ ಅಳೆದೆ. ಈ ಗಿರಾಕಿ ಹೊಟ್ಟೆ ಒಳಗೆ ಎಳೆದುಕೊಳ್ಳಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ, ಇನ್ನೊಂದು ಇಂಚು ಬಿಗಿಮಾಡಿ ಎಂದು ವಯ್ಯಾರ ಮಾಡಲಿಲ್ಲ. ಆಗ ನನ್ನ ಕೈ ನಿಂತುಬಿಟ್ಟಿತು, ಒಬ್ದುಲಿಯಾ. ನಾನು ಇದುವರೆಗೆ ಅಳತೆ ತೆಗೆದ ಪ್ರತಿಯೊಬ್ಬ ಮದುಮಗಳ ಒಳಗೂ ಇವಳೇ ನಿಂತಿದ್ದಳಲ್ಲವೇ? ನಗುತ್ತಿದ್ದ ಆ ಹುಡುಗಿಯರ ಒಳಗೆ, ಸದ್ದಿಲ್ಲದೆ, ನೆಟ್ಟಗೆ. ನಿನ್ನ ಒಳಗೂ. ಟೇಪು ಹಿಡಿದ ನನ್ನ ಈ ಕೈಯೊಳಗೂ. ಮೊದಲ ಸಲ ನಾನು ಅವಳಿಗೆ "ತಾವು" ಎಂದೆ.

ಬಣ್ಣ ಯಾವುದೆಂದು ನೀನು ಹೇಳಿರಲಿಲ್ಲ. ಹಸಿರು ಸ್ಯಾಟಿನ್ ತೆಗೆದುಕೊಂಡೆ. ನಾವು ಮೊದಲು ಕುಣಿದ ದಿನ ನೀನು ಉಟ್ಟಿದ್ದ ಹಸಿರು. ಸಣಕಲಿಯನ್ನು ತೋಳಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಮೆಟ್ರೋ ಹತ್ತಿದರೆ ಏನು ಮರ್ಯಾದೆ! ಕೂತಿದ್ದವರು ಎದ್ದು ನಿಂತರು. ಕತ್ತಿನ ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ಪಕ್ಕಕ್ಕೆ ಬಂದು, ನನ್ನ ತೋಳಲ್ಲಿದ್ದ ಮುಖ ನೋಡಿ, ಬೆಚ್ಚಿ ಶಿಲುಬೆಯ ಗುರುತು ಮಾಡಿಕೊಂಡು, "ತಾತಾ, ಇದು ಕೆಳಗೆ ಬಿದ್ದಿತ್ತು" ಎಂದು ನನ್ನದೇ ಪರ್ಸನ್ನು ನನಗೆ ಕೊಟ್ಟ. ಅದು ನನ್ನ ಒಳಜೇಬಿನಲ್ಲಿ ಗುಂಡಿ ಹಾಕಿಕೊಂಡು ಕೂತಿತ್ತು!

ಟೆಪಿಟೊದಲ್ಲಿ ಬೀದಿಯೇ ಕಾಣಲಿಲ್ಲ, ಬರೀ ಜನ. ಹೆಬ್ಬೆರಳಿನಷ್ಟು ಸಣಕಲಿಯರು, ಆಳೆತ್ತರದ ಸಣಕಲಿಯರು, ಮೊಣಕಾಲಲ್ಲಿ ತೆವಳಿ ಬರುವವರು. ಗುಡಿಯೊಳಗಿನ ದೊಡ್ಡವಳ ತಲೆಯ ಮೇಲೆ ಭಕ್ತರು ಹರಕೆಗೆ ಕತ್ತರಿಸಿಕೊಟ್ಟ ಕೂದಲಿನ ಜಡೆ. ನನ್ನ ಸುತ್ತ ಮಾತ್ರ ಹೆಂಗಸರು ಮುತ್ತಿಕೊಂಡರು. ತಮಾಲೆ ಕಡುಬು ಮಾರುವ ಕ್ರೆಸೆನ್ಸಿಯಾ ಎಂಬಾಕೆ ಗೌನಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, "ಯಾವ ಕೋರ್ಟಣ್ಣಾ? ನನ್ನ ಮಗನಿಗೆ ಒಂಬತ್ತು ವರ್ಷ ಹಾಕವ್ರೆ" ಎಂದಳು. ಯಾವ ಕೋರ್ಟೂ ಇಲ್ಲ, ಹೆಂಡತಿಗೆ ಹೃದಯದ ಆಪರೇಷನ್ನು ಎಂದೆ.

"ಅಯ್ಯೋ ಪುಣ್ಯಾತ್ಮಾ! ಕಾಯಿಲೆಗೆ ನೇರಳೆ ಉಡಿಸ್ಬೇಕು. ಹಸಿರು ಉಡ್ಸೋದು ಕೇಸಿಗೆ! ಕಟ್ಕೊಂಡವಳನ್ನ ಕಟಕಟೆಗೆ ಹತ್ಸಿಬಿಟ್ಯಲ್ಲೋ!"

ಎಲ್ಲರೂ ನಕ್ಕರು. ನಾನು ಮಾತ್ರ ಆ ಹಸಿರನ್ನು ನನ್ನ ಕೋಟಿನಿಂದ ಮುಚ್ಚಲು ಹೋದೆ. ಇಡೀ ಜನ್ಮದಲ್ಲಿ ಸಣಕಲಿಯನ್ನು ಕೇಳಿದ್ದು ಒಂದೇ ಒಂದು, ಅದನ್ನೂ ತಪ್ಪು ಬಣ್ಣದಲ್ಲಿ ಕೇಳಿದೆನೇ? ನನ್ನ ಮುಖ ನೋಡಿ ಕ್ರೆಸೆನ್ಸಿಯಾಳ ನಗು ನಿಂತಿತು. "ಅಳ್ಬೇಡ್ವೋ ಅಣ್ಣಾ. ನಾವೆಲ್ಲ ಜೈಲು ಬಾಗಿಲು ಕಾಯೋರು. ಬಿಡುಗಡೆ ಕೇಳೋದು ನಮಗೆ ಬಾಯಿಪಾಠ. ಹೆಸರೇನು ಹೇಳು."

ಹೇಳಿದೆ. ಜಪ ಮುಗಿದು ಎಲ್ಲರೂ ತಂತಮ್ಮ ಸಣಕಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದರು. ಆಗ ಮಕ್ಕಳು ಜೈಲಿನಲ್ಲಿರುವ ಅಷ್ಟೂ ತಾಯಂದಿರು, ತಮ್ಮ ಮಕ್ಕಳ ಹೆಸರಿಗಿಂತ ಮೊದಲು, ಒಂದೇ ದನಿಯಲ್ಲಿ ಕೇಳಿದರು: "ಒಬ್ದುಲಿಯಾನ ಬಿಟ್ಬಿಡಮ್ಮಾ." ಸಾವನ್ನೇ ಅಷ್ಟು ಹತ್ತಿರದಿಂದ, ಮನೆಯ ಹಿರಿಯಳನ್ನು ಕೇಳುವ ಹಾಗೆ ಕೇಳಿದರು. ನನ್ನ ತೋಳಿನಲ್ಲಿದ್ದವಳು ಕಲ್ಲಿನಷ್ಟು ಭಾರವಾದಳು. ಸುಳ್ಳಲ್ಲ. ಸೆನಾಯ್ದಾ, ನೀನು ಓದುತ್ತಿದ್ದರೆ ನಕ್ಕುಕೋ.

ಪಕ್ಕದ ಹಾಸಿಗೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಸಾರಿನವನಿಗೆ ನನ್ನ ಪರವಾಗಿಯೂ ಬೈದುಬಿಡು. ಸಣಕಲಿ ನಿನ್ನ ಹಸಿರಿನಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಾಳೆ.

ಎಂದೆಂದಿಗೂ ನಿನ್ನ ಬೈಗುಳಕ್ಕೆ ಬದ್ಧನಾದ,
ವೆನ್ಸೆಸ್ಲಾವೊ

ಮರೆತಿದ್ದೆ: ಕೆಮ್ಮು ನಿಂತಿದೆ, ಗುರುವಾರ ಒಳಗೆ ಬಿಡುತ್ತಾರಂತೆ. ಎಚ್ಚರವಾದಾಗ ಪಕ್ಕದಲ್ಲಿ ಬೋಳು ತುಟಿಯ ಯಾವನೋ ಮುದುಕ ಕೂತಿದ್ದರೆ ಕಿರುಚಬೇಡ, ನಾನೇ. ಗುಡಿಯ ದೊಡ್ಡವಳ ಜಡೆಗೆ ಕೊಡಲು ನನ್ನ ತಲೆಯಲ್ಲಿ ಕೂದಲೇನೂ ಉಳಿದಿರಲಿಲ್ಲವಲ್ಲ, ಮೀಸೆ ಕೊಟ್ಟೆ. ಹರಕೆಯನ್ನು ಕೆಲಸವಾದ ಮೇಲೆ ತೀರಿಸುವುದು ವಾಡಿಕೆಯಂತೆ. ಅಷ್ಟು ಹೊತ್ತು ಕಾಯಲು ನನಗೆ ಧೈರ್ಯವಾಗಲಿಲ್ಲ. ಈ ಮುಖ ನೋಡಿ ಸೆನಾಯ್ದಾ ಆಗಲೇ ನಕ್ಕಾಯಿತು. ಇನ್ನು ನಿನ್ನೊಬ್ಬಳದೇ ಬಾಕಿ. ಕಣ್ಣು ಬಿಡು.